ಅಂಬಾಸಿಡರ್ ಕಾರಿನ ಹೆಡ್ ಗ್ಯಾಸ್ಕೆಟ್: ಅದನ್ನು ಆರಿಸುವ ಬಗೆ

ಎರಡು ಬೇಸಗೆಗಳ ಹಿಂದೆ, ಒಂದು ಮಧ್ಯಾಹ್ನ, ಮದುವೆಯ ದಿಬ್ಬಣದೊಡನೆ ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೊರಟಿದ್ದ ಹಳೆಯ ಅಂಬಾಸಿಡರ್ ಕಾರೊಂದು ಬಂಕಾಪುರವನ್ನು ಮುಟ್ಟುವ ಮೊದಲೇ ದಾರಿಯಲ್ಲಿ ನಿಂತುಬಿಟ್ಟಿತು. ಬಾನೆಟ್ಟಿನ ಸಂದುಗಳಿಂದ ಉಗಿ ಏಳುತ್ತಿತ್ತು. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬರುತ್ತಿತ್ತು. ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯನ್ನು ಹೊರಗೆಳೆದರೆ ಅದಕ್ಕೆ ಅಂಟಿದ್ದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಕಾರು ನಮ್ಮ ಸಹೋದ್ಯೋಗಿಗಳೊಬ್ಬರದು. ಅವರ ತಂದೆಯವರ ಕಾಲದಿಂದಲೂ ಮನೆಯಲ್ಲಿರುವುದು. ಮದುಮಗನ ಅಜ್ಜಿಯವರನ್ನು ರಸ್ತೆಯ ಬದಿಯ ಮರದ ನೆರಳಿನಲ್ಲಿ ಕುಳ್ಳಿರಿಸಿ, ಬೇರೊಂದು ಗಾಡಿ ಬರುವವರೆಗೆ ನಾವು ಬಿಸಿಲಿನಲ್ಲಿ ಕಾದೆವು.

ಗ್ಯಾರೇಜಿನ ಮಿಸ್ತ್ರಿಯವರು ನೋಡಿದೊಡನೆಯೇ, "ಹೆಡ್ ಗ್ಯಾಸ್ಕೆಟ್ ಹೋಗೇತ್ರಿ ಸರ" ಎಂದರು. ಹಿಂದೊಮ್ಮೆ ಯಾರೋ ಹೆಡ್ಡಿನ ಮೈಯನ್ನು ಯಂತ್ರದಲ್ಲಿ ಕೆತ್ತಿಸಿ ತೆಳ್ಳಗೆ ಮಾಡಿಸಿದ್ದರು. ಅದನ್ನು ಸರಿದೂಗಿಸಲು ಎರಡು ಗ್ಯಾಸ್ಕೆಟ್ಟುಗಳನ್ನು ಒಂದರ ಮೇಲೊಂದಿಟ್ಟು ಬಿಗಿದರಾಯಿತು, "ಎರಡ ಹಾಕಿದ್ರ ಗಟ್ಟಿ ಆಗ್ತದ್ರಿ" ಎಂಬುದು ಅವರ ಸಲಹೆ. ಭೌತಶಾಸ್ತ್ರವನ್ನು ಕಲಿಸುವ ನಮಗೂ ಆ ಮಾತು ಸರಿಯೆಂದೇ ತೋರಿತು. ಹನ್ನೆರಡು ದಿನಗಳಲ್ಲಿ ಗ್ಯಾಸ್ಕೆಟ್ ಮತ್ತೆ ಸೋರಿತು. ಆಗ ನಾವು ಕಾಗದ, ಪೆನ್ಸಿಲು, ಅಳತೆಯ ಪಟ್ಟಿಗಳನ್ನು ಹಿಡಿದು ಕುಳಿತೆವು. ಮೊದಲೇ ಮಾಡಬೇಕಾಗಿದ್ದ ಆ ಲೆಕ್ಕವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನಿಂದ ಬಂದ ಯಂತ್ರ

ಅಂಬಾಸಿಡರ್ ನಮ್ಮ ದೇಶದ ಕಾರೆಂದೇ ಹೆಸರಾದರೂ ಅದರ ಮೂಲ ಇಂಗ್ಲೆಂಡಿನದು. ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆಯು ೧೯೫೦ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ತಯಾರಿಸತೊಡಗಿತು. ೨೦೧೪ರಲ್ಲಿ ತಯಾರಿಕೆ ನಿಂತಿತು. ಆದರೂ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳೆಯ ಮನೆಗಳ ಅಂಗಳದಲ್ಲಿ ಇಂಥ ಒಂದೊಂದು ಕಾರು ಇನ್ನೂ ಕಣ್ಣಿಗೆ ಬೀಳುವುದುಂಟು. ಹೊಸ ಹೆಡ್ಡು, ಹೊಸ ಬ್ಲಾಕು ಕಾರ್ಖಾನೆಯಿಂದ ಬರುವ ಕಾಲ ಮುಗಿಯಿತು. ಆದುದರಿಂದ ತಪ್ಪು ಗ್ಯಾಸ್ಕೆಟ್ಟಿನಿಂದ ಹೆಡ್ಡು ಬಿರುಕುಬಿಟ್ಟರೆ, ಕಾರಿನ ಆಯುಷ್ಯವೇ ಮುಗಿದಂತಾಗಬಹುದು.

ಮೊದಮೊದಲು ಈ ಕಾರಿನಲ್ಲಿದ್ದುದು, ಕವಾಟಗಳು ಸಿಲಿಂಡರಿನ ಪಕ್ಕದಲ್ಲಿರುವ ೧೪೭೬ ಘನ ಸೆಂಟಿಮೀಟರಿನ ಯಂತ್ರ. ಸ್ವಲ್ಪ ಕಾಲದಲ್ಲಿಯೇ ಅದರ ಸ್ಥಾನದಲ್ಲಿ, ಕವಾಟಗಳು ಹೆಡ್ಡಿನೊಳಗೇ ಇರುವ ೧೪೮೯ ಘನ ಸೆಂಟಿಮೀಟರಿನ ಯಂತ್ರ ಬಂದಿತು. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ 'ಬಿ' ಶ್ರೇಣಿಯೆಂದು ಪ್ರಸಿದ್ಧವಾದ ಕುಟುಂಬಕ್ಕೆ ಇದು ಸೇರಿದುದು. ಇಂಗ್ಲೆಂಡಿನ ಎಂ.ಜಿ.ಎ. ಎಂಬ ಓಟದ ಕಾರಿನಲ್ಲಿಯೂ ೧೯೫೫ರಲ್ಲಿ ಇದೇ ಗಾತ್ರದ ಯಂತ್ರವಿತ್ತು. ಮುಂದೆ ಅಂಬಾಸಿಡರಿಗೆ ಡೀಸೆಲ್ ಯಂತ್ರವೂ, ೧೯೯೦ರ ದಶಕದಲ್ಲಿ ಜಪಾನಿನ ಇಸುಝು ಯಂತ್ರವೂ ಬಂದುವು. ಹೊರಗಿನ ರೂಪ ಒಂದೇ. ಒಳಗಿನ ಯಂತ್ರಗಳು ಮಾತ್ರ ಹಲವು. "ಅಂಬಾಸಿಡರ್ ಗ್ಯಾಸ್ಕೆಟ್ ಕೊಡಿ" ಎಂದು ಅಂಗಡಿಯಲ್ಲಿ ಕೇಳಿದರೆ ಅದು ಅರ್ಧ ಪ್ರಶ್ನೆಯಷ್ಟೆ.

ಗ್ಯಾಸ್ಕೆಟ್ಟಿನ ಕೆಲಸವೇನು?

ಪಾತ್ರೆಯ ಮುಚ್ಚಳದ ಸಂದಿನಿಂದ ಆವಿ ಹೋಗದಂತೆ ನಮ್ಮ ಹಿರಿಯರು ಅಂಚಿಗೆ ಕಣಕವನ್ನು ಮೆತ್ತುತ್ತಿದ್ದರು. ಇಂದಿನ ಕುಕ್ಕರಿನ ರಬ್ಬರು ಉಂಗುರ ಅದೇ ಕೆಲಸವನ್ನು ಮಾಡುತ್ತದೆ. ಎಷ್ಟೇ ನಯವಾಗಿ ಕೆತ್ತಿದ ಲೋಹದ ಮೈಯೂ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗುಗಳಿಂದ ಕೂಡಿರುತ್ತದೆ. ಅಂಥ ಎರಡು ಮೈಗಳನ್ನು ಸೇರಿಸಿದಾಗ ಅವು ಉಬ್ಬುಗಳ ತುದಿಯಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಉಳಿದೆಡೆಯಲ್ಲೆಲ್ಲ ಸಣ್ಣ ಸಣ್ಣ ದಾರಿಗಳಿರುತ್ತವೆ. ಈ ದಾರಿಗಳನ್ನು ಮುಚ್ಚಲು ನಡುವೆ ಮೆತ್ತನೆಯ ಪದಾರ್ಥವೊಂದು ಬೇಕು.

ಮೋಟಾರು ಯಂತ್ರದ ಕೆಳಭಾಗಕ್ಕೆ ಬ್ಲಾಕ್ ಎಂದೂ, ಅದರ ಮೇಲಿನ ಮುಚ್ಚಳಕ್ಕೆ ಹೆಡ್ ಎಂದೂ ಹೆಸರು. ಇವೆರಡರ ನಡುವೆ ಕೂರುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಅದು ಉರಿಯುವ ಅನಿಲವನ್ನು ಸಿಲಿಂಡರಿನೊಳಗೂ, ತಂಪುಮಾಡುವ ನೀರನ್ನು ನೀರಿನ ದಾರಿಯೊಳಗೂ, ಎಣ್ಣೆಯನ್ನು ಎಣ್ಣೆಯ ದಾರಿಯೊಳಗೂ ಹಿಡಿದಿಡಬೇಕು. ಇವುಗಳಲ್ಲಿ ಮೊದಲನೆಯದೇ ಕಠಿಣವಾದುದು.

ಎಷ್ಟು ಕಠಿಣವೆಂಬುದನ್ನು ಲೆಕ್ಕಹಾಕಿ ನೋಡೋಣ. ೧೪೮೯ರ ಯಂತ್ರದ ಸಿಲಿಂಡರಿನ ವ್ಯಾಸ ೭೩.೦೨೫ ಮಿಲಿಮೀಟರು, ಎಂದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು ೪೨ ಚದರ ಸೆಂಟಿಮೀಟರು. ಪೆಟ್ರೋಲು ಹೊತ್ತಿಕೊಂಡ ಗಳಿಗೆಯಲ್ಲಿ ಚದರ ಸೆಂಟಿಮೀಟರಿಗೆ ೪೦ ಕಿಲೋಗ್ರಾಮಿನ ಒತ್ತಡವಿರುವುದೆಂದು ಹಿಡಿದರೆ, ಆ ಒಂದು ಸಿಲಿಂಡರಿನ ಅನಿಲವು ಹೆಡ್ಡನ್ನು ಸುಮಾರು ೧೭೦೦ ಕಿಲೋಗ್ರಾಮಿನ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಇದು ಇಡೀ ಕಾರಿನ ತೂಕಕ್ಕಿಂತ ಹೆಚ್ಚು. ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ೨೫ ಸಲ ಈ ಹೊಡೆತ ಬೀಳುತ್ತದೆ. ಹೆಡ್ಡನ್ನು ಬಿಗಿದಿಟ್ಟ ಸ್ಟಡ್ಡುಗಳ ಹಿಡಿತವು ಎಲ್ಲ ಕಡೆಯೂ ಈ ಒತ್ತಡವನ್ನು ಮೀರಿರಬೇಕು. ಎಲ್ಲಿ ಅದು ಸಡಿಲವಾಗುವುದೋ ಅಲ್ಲಿ ಬೆಂಕಿಯ ನಾಲಗೆ ಹೊರಗೆ ಬರುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅನಿಲವನ್ನು ತಡೆದಿಡುವ ಬಲ ಗ್ಯಾಸ್ಕೆಟ್ಟಿನದಲ್ಲ, ಸ್ಟಡ್ಡುಗಳದು. ಗ್ಯಾಸ್ಕೆಟ್ ಆ ಬಲವನ್ನು ಎಲ್ಲೆಡೆಗೂ ಸಮನಾಗಿ ಹಂಚುತ್ತದೆ, ಅಷ್ಟೆ. ಆದುದರಿಂದ ಎಲ್ಲಕ್ಕಿಂತ ಗಟ್ಟಿಯಾದುದನ್ನಾಗಲಿ ಹೆಚ್ಚು ಬೆಲೆಯದನ್ನಾಗಲಿ ಹುಡುಕಬೇಕಾಗಿಲ್ಲ. ಅದು ಕೂರಬೇಕಾದ ಎರಡು ಮೈಗಳಿಗೆ ಯಾವುದು ಹೊಂದುವುದೋ ಅದೇ ಸರಿಯಾದ ಗ್ಯಾಸ್ಕೆಟ್.

ಮೊದಲು ಯಂತ್ರವನ್ನು ಗುರುತಿಸಬೇಕು

೧೪೭೬ರ ಹಳೆಯ ಯಂತ್ರದ ಸಿಲಿಂಡರಿನ ವ್ಯಾಸ ೭೩.೫ ಮಿಲಿಮೀಟರು, ೧೪೮೯ರದು ೭೩.೦೨೫. ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಆದರೆ ಹಳೆಯದರಲ್ಲಿ ಕವಾಟಗಳು ಪಕ್ಕದಲ್ಲಿರುವುದರಿಂದ ಗ್ಯಾಸ್ಕೆಟ್ಟಿನ ತೂತುಗಳು ಅವನ್ನೂ ಒಳಗೊಂಡು ಅಗಲವಾಗಿರಬೇಕು. ಹೊಸದರಲ್ಲಿ ಕವಾಟಗಳನ್ನು ಎತ್ತುವ ಸರಳುಗಳು ಹಾದುಹೋಗಲು ಬೇರೆ ತೂತುಗಳಿರಬೇಕು. ವ್ಯಾಸವೊಂದನ್ನೇ ಅಳೆದು ಕೊಂಡರೆ ಮೋಸಹೋಗುವುದು ಖಂಡಿತ.

ಈಗ ಪರದೇಶದಿಂದಲೂ ಗ್ಯಾಸ್ಕೆಟ್ ತರಿಸಿಕೊಳ್ಳುವವರಿದ್ದಾರೆ. ಎಂ.ಜಿ.ಬಿ. ಎಂಬ ಕಾರಿನ ಯಂತ್ರವೂ 'ಬಿ' ಶ್ರೇಣಿಯದೇ; ಆದರೆ ಅದರ ಗಾತ್ರ ೧೭೯೮ ಘನ ಸೆಂಟಿಮೀಟರು, ವ್ಯಾಸ ೮೦.೨೬ ಮಿಲಿಮೀಟರು. ಅದರ ಗ್ಯಾಸ್ಕೆಟ್ಟನ್ನು ನಮ್ಮ ಯಂತ್ರಕ್ಕೆ ಹಾಕಿದರೆ ಪ್ರತಿಯೊಂದು ಸಿಲಿಂಡರಿನ ಸುತ್ತಲೂ ಮೂರೂವರೆ ಮಿಲಿಮೀಟರಿಗೂ ಅಗಲವಾದ ಖಾಲಿ ಕಾಲುವೆ ಉಳಿಯುತ್ತದೆ. ಸಿಲಿಂಡರುಗಳ ನಡುವೆ ಮೊದಲೇ ಕಿರಿದಾದ ಹಿಡಿತದ ಪಟ್ಟಿ ಇನ್ನೂ ಕಿರಿದಾಗುತ್ತದೆ. ಇದಕ್ಕೆ ವಿರುದ್ಧವಾಗಿ ತೂತು ಚಿಕ್ಕದಾಗಿ ಗ್ಯಾಸ್ಕೆಟ್ಟಿನ ಅಂಚು ಉರಿಯ ಕೋಣೆಯೊಳಗೆ ಚಾಚಿದ್ದರೆ, ಆ ಅಂಚು ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಪೆಟ್ರೋಲನ್ನು ಹೊತ್ತಿಸುತ್ತದೆ.

ಆದುದರಿಂದ ಹೊಸ ಗ್ಯಾಸ್ಕೆಟ್ಟನ್ನು ಬಿಗಿಯುವ ಮೊದಲು ಬ್ಲಾಕಿನ ಮೇಲೊಮ್ಮೆ, ತಿರುಗಿಸಿಟ್ಟ ಹೆಡ್ಡಿನ ಮೇಲೊಮ್ಮೆ ಇಟ್ಟು ಒಂದೊಂದು ತೂತನ್ನೂ ನೋಡಬೇಕು. ನೀರಿನ ಕೆಲವು ತೂತುಗಳು ಬ್ಲಾಕಿನ ತೂತುಗಳಿಗಿಂತ ಚಿಕ್ಕವಾಗಿರುವುದುಂಟು. ಅದು ತಪ್ಪಲ್ಲ, ನೀರು ಹತ್ತಿರದ ದಾರಿಯಲ್ಲೇ ಹರಿದುಹೋಗದೆ ಹಿಂದಿನ ಸಿಲಿಂಡರುಗಳಿಗೂ ಮುಟ್ಟಲೆಂದು ಮಾಡಿದ ಏರ್ಪಾಡು. ಅವನ್ನು ಅಗಲಿಸಬಾರದು.

ಯಾವ ಪದಾರ್ಥದ್ದು?

ಹಳೆಯ ಕಾಲದ ಗ್ಯಾಸ್ಕೆಟ್ಟುಗಳು ತಾಮ್ರ ಅಥವಾ ಉಕ್ಕಿನ ತೆಳು ತಗಡುಗಳ ನಡುವೆ ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ತುಂಬಿ ಮಾಡಿದಂಥವು. ಅವುಗಳ ಸ್ಥಾನದಲ್ಲಿ ಇಂದು ತೂತುತೂತಾದ ಉಕ್ಕಿನ ಹಾಳೆಯ ಎರಡೂ ಬದಿಗೆ ಗ್ರಾಫೈಟನ್ನೋ ಬೇರೆ ನಾರುಗಳನ್ನೋ ಒತ್ತಿ, ಸಿಲಿಂಡರಿನ ಬಾಯಿಗೆ ಲೋಹದ ಉಂಗುರವನ್ನು ಕಟ್ಟಿದ ಮಿಶ್ರ ಗ್ಯಾಸ್ಕೆಟ್ಟುಗಳು ಬಂದಿವೆ. ಮೂರನೆಯದು ಅಖಂಡ ತಾಮ್ರದ ಹಾಳೆ. ನಾಲ್ಕನೆಯದು, ಇಂದಿನ ಹೊಸ ಕಾರುಗಳಲ್ಲಿ ಬಳಸುವ, ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್.

ನಾಲ್ಕನೆಯದು ಹೊಸದಾದುದರಿಂದ ಎಲ್ಲಕ್ಕೂ ಉತ್ತಮವಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ಹುಟ್ಟಿದುದೇಕೆಂಬುದನ್ನು ತಿಳಿದರೆ ಉತ್ತರ ಸಿಗುತ್ತದೆ. ಹೊಸ ಕಾರುಗಳಲ್ಲಿ ಹೆಡ್ಡು ಅಲ್ಯೂಮಿನಿಯಮಿನದು. ಬ್ಲಾಕು ಎಷ್ಟೋ ಕಡೆ ಎರಕದ ಕಬ್ಬಿಣದ್ದು. ಅರ್ಧ ಮೀಟರು ಉದ್ದದ ಎರಕದ ಕಬ್ಬಿಣವನ್ನು ೮೦ ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು ೦.೪೪ ಮಿಲಿಮೀಟರು ಹಿಗ್ಗುತ್ತದೆ. ಅಲ್ಯೂಮಿನಿಯಮಾದರೆ ಸುಮಾರು ೦.೯೨. ಯಂತ್ರ ಕಾದಾಗಲೂ ಆರಿದಾಗಲೂ ಹೆಡ್ಡು ಬ್ಲಾಕಿನ ಮೇಲೆ ಸುಮಾರು ಅರ್ಧ ಮಿಲಿಮೀಟರು ಜಾರಾಡುತ್ತದೆ. ಮೆತ್ತನೆಯ ಗ್ಯಾಸ್ಕೆಟ್ ಈ ಉಜ್ಜಾಟದಲ್ಲಿ ಹರಿಯುತ್ತದೆ. ಉಕ್ಕಿನ ಪದರಗಳು ಜಾರಿ ತಾಳಿಕೊಳ್ಳುತ್ತವೆ. ಇಂಗ್ಲೆಂಡಿನ ಹಳೆಯ ಕಾರುಗಳಲ್ಲಿಯೂ ಜಾಗ್ವಾರಿನ ೧೯೪೮ರ ಎಕ್ಸ್.ಕೆ. ಯಂತ್ರಕ್ಕೆ ಅಲ್ಯೂಮಿನಿಯಮಿನ ಹೆಡ್ಡಿತ್ತು. ನಮ್ಮ ೧೪೮೯ರಲ್ಲಿಯಾದರೋ ಹೆಡ್ಡೂ ಬ್ಲಾಕೂ ಎರಡೂ ಎರಕದ ಕಬ್ಬಿಣದವೇ. ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಆ ಹೊಸ ಗ್ಯಾಸ್ಕೆಟ್ ಯಾವ ರೋಗಕ್ಕೆ ಮದ್ದೋ ಆ ರೋಗವೇ ಇಲ್ಲಿಲ್ಲ. ಅದೂ ಅಲ್ಲದೆ ಉಕ್ಕಿನ ಪದರಗಳಿಗೆ ಬಹಳ ನಯವಾದ, ಬಹಳ ಸಮನಾದ ಮೈ ಬೇಕು. ಅರವತ್ತು ವರ್ಷ ದುಡಿದು ತುಕ್ಕಿನ ಕಲೆಗಳಿಂದ ಕೂಡಿದ ಕಬ್ಬಿಣದ ಮೈಯ ಮೇಲೆ ಅವು ಸೋರುವ ಸಂಭವವೇ ಹೆಚ್ಚು.

ಅಖಂಡ ತಾಮ್ರವು ಬೆಂಕಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದನ್ನು ಕೆಂಪಗೆ ಕಾಯಿಸಿ ಮೃದುಗೊಳಿಸಿ ಬಳಸಬೇಕು. ನೀರು ಎಣ್ಣೆಗಳ ಸಣ್ಣ ತೂತುಗಳ ಸುತ್ತ ಅದು ಸಾಲದೆ ಬೇರೆ ಅಂಟನ್ನು ಹಚ್ಚಬೇಕಾಗುತ್ತದೆ. ದಿನದ ಬಳಕೆಯ ಕಾರಿಗೆ ಈ ತೊಡಕು ಬೇಡ. ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ, ೧೪೮೯ರ ಯಂತ್ರಕ್ಕೆ ತಕ್ಕುದು ಕಲ್ನಾರಿಲ್ಲದ ಮಿಶ್ರ ಗ್ಯಾಸ್ಕೆಟ್ ಎಂದು ತಿಳಿಯುತ್ತದೆ. ಅದು ಮೈಯ ಸಣ್ಣ ಕುಂದುಗಳನ್ನು ತಾನೇ ತುಂಬಿಕೊಳ್ಳುತ್ತದೆ.

ದಪ್ಪದ ಲೆಕ್ಕ

ಪಿಸ್ಟನ್ ಕೆಳತುದಿಯಲ್ಲಿದ್ದಾಗ ಅದರ ಮೇಲಿರುವ ಜಾಗವನ್ನು, ಅದು ಮೇಲ್ತುದಿಗೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಸಂಪೀಡನದ ಅನುಪಾತ ಬರುತ್ತದೆ. ಈ ಯಂತ್ರದ ಕಡಿಮೆ ಅನುಪಾತದ ರೂಪದಲ್ಲಿ ಅದು ೭.೨, ಎಂ.ಜಿ.ಎ. ಕಾರಿನಲ್ಲಿ ೮.೩. ನಮ್ಮ ಲೆಕ್ಕಕ್ಕೆ ೭.೨ನ್ನು ತೆಗೆದುಕೊಳ್ಳೋಣ. ಪಿಸ್ಟನ್ ಗುಡಿಸಿಹೋಗುವ ಜಾಗ ಒಂದು ಸಿಲಿಂಡರಿಗೆ ೩೭೨ ಘನ ಸೆಂಟಿಮೀಟರು; ಆದುದರಿಂದ ಮೇಲೆ ಉಳಿಯುವುದು ಸುಮಾರು ೬೦.

ಗ್ಯಾಸ್ಕೆಟ್ಟಿನ ತೂತಿನ ವ್ಯಾಸ ೭೫ ಮಿಲಿಮೀಟರಾದರೆ, ಒಂದು ಮಿಲಿಮೀಟರು ದಪ್ಪದ ಎರಡನೆಯ ಗ್ಯಾಸ್ಕೆಟ್ಟನ್ನು ಸೇರಿಸಿದಾಗ ಈ ಜಾಗ ಸುಮಾರು ೪.೪ ಘನ ಸೆಂಟಿಮೀಟರು ಹೆಚ್ಚಿ, ಅನುಪಾತ ೬.೮ಕ್ಕೆ ಇಳಿಯುತ್ತದೆ. ಎಂದರೆ ಶಕ್ತಿ ಕುಂದಿ ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ. ಹೆಡ್ಡನ್ನು ಕಾಲು ಮಿಲಿಮೀಟರು ಕೆತ್ತಿದಾಗ ಆಗುವುದೇನು? ಕೋಣೆ ಹೆಚ್ಚೆಂದರೆ ಒಂದು ಘನ ಸೆಂಟಿಮೀಟರು ಕಿರಿದಾಗಿ ಅನುಪಾತ ೭.೩ ಆಗುತ್ತದೆ. ಇದು ಯಾವ ತೊಂದರೆಯನ್ನೂ ಮಾಡದಷ್ಟು ಸಣ್ಣ ವ್ಯತ್ಯಾಸ. ಸರಿದೂಗಿಸಬೇಕಾದ ದೋಷವೇ ಅಲ್ಲಿರಲಿಲ್ಲ. ನಾವು ಸರಿದೂಗಿಸಲು ಹೋಗಿ ಕೆಡಿಸಿದ್ದೆವು.

ಎರಡು ಹಾಕಿದರೆ ಗಟ್ಟಿಯೆ?

ಅನುಪಾತ ಇಳಿದುದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಬಿಗಿದ ಸ್ಟಡ್ಡು ಒಂದು ಸ್ಪ್ರಿಂಗಿನಂತೆ. ನಟ್ಟನ್ನು ತಿರುಗಿಸಿದಾಗ ಉಕ್ಕು ಸ್ವಲ್ಪ ಹಿಗ್ಗುತ್ತದೆ. ಮತ್ತೆ ಕುಗ್ಗಲು ಅದು ಮಾಡುವ ಪ್ರಯತ್ನವೇ ಹೆಡ್ಡನ್ನು ಒತ್ತಿ ಹಿಡಿಯುವ ಬಲ. ಈ ಹಿಗ್ಗು ೦.೧೫ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಮಿಶ್ರ ಗ್ಯಾಸ್ಕೆಟ್ ಕೆಲವು ಸಲ ಕಾದು ಆರಿದ ಮೇಲೆ ತುಸು ಕುಸಿಯುತ್ತದೆ. ಆ ಕುಸಿತ ೦.೦೫ ಮಿಲಿಮೀಟರಾದರೆ ಸ್ಟಡ್ಡಿನ ಹಿಗ್ಗು ಅಷ್ಟು ಕಡಿಮೆಯಾಗಿ ಹಿಡಿತದ ಮೂರನೆಯ ಒಂದು ಭಾಗ ಹೋಗುತ್ತದೆ. ಎರಡು ಗ್ಯಾಸ್ಕೆಟ್ಟುಗಳಿದ್ದರೆ ಕುಸಿತ ಇಮ್ಮಡಿಯಾಗಿ ಮೂರರಲ್ಲಿ ಎರಡು ಭಾಗ ಹೋಗುತ್ತದೆ. ಗಟ್ಟಿಯಾಗುವುದಿರಲಿ, ಇದ್ದ ಗಟ್ಟಿತನವೂ ಉಳಿಯುವುದಿಲ್ಲ. ನಮ್ಮ ಕಾರಿನಲ್ಲಿ ಹನ್ನೆರಡು ದಿನಗಳಲ್ಲಿ ನಡೆದುದು ಇದೇ.

ಒಂದೇ ಗ್ಯಾಸ್ಕೆಟ್ಟಿಗೂ ಈ ಲೆಕ್ಕ ಅನ್ವಯಿಸುತ್ತದೆ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ, ಟಾರ್ಕ್ ಅಳೆಯುವ ಪಾನಾದಿಂದ ಹಂತಹಂತವಾಗಿ ಬಿಗಿಯಬೇಕು. ಗೋಡೆಗೆ ಕಾಗದವನ್ನು ಅಂಟಿಸುವಾಗ ನಡುವಿನಿಂದ ಅಂಚಿನ ಕಡೆಗೆ ನೀವುವುದಿಲ್ಲವೆ? ಹಾಗೆ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ, ಗ್ಯಾಸ್ಕೆಟ್ ತಯಾರಿಸಿದವರು ಬೇಡವೆಂದು ಹೇಳಿರದಿದ್ದರೆ, ಮತ್ತೊಮ್ಮೆ ಅದೇ ಅಳತೆಗೆ ಬಿಗಿಯಬೇಕು. ಈ ಯಂತ್ರದಲ್ಲಿ ರಾಕರ್ ಕಂಬಗಳನ್ನು ಹಿಡಿದಿರುವ ನಟ್ಟುಗಳಲ್ಲಿ ಕೆಲವು ಇವೇ ಆದುದರಿಂದ ಆಮೇಲೆ ಕವಾಟಗಳ ಸಂದನ್ನೂ ಸರಿಮಾಡಬೇಕು.

ಹಾಗಾದರೆ ಮೊದಲ ಗ್ಯಾಸ್ಕೆಟ್ ಹೋದುದೇಕೆ? ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿ ನೋಡಿದೆವು. ೦.೦೫ ಮಿಲಿಮೀಟರಿನ ಎಲೆ ತೂರದಿದ್ದರೆ ಒಳ್ಳೆಯದು, ೦.೧ರದು ತೂರಿದರೆ ಕೆತ್ತಿಸಬೇಕು. ಎರಡನೆಯ ಮೂರನೆಯ ಸಿಲಿಂಡರುಗಳ ನಡುವೆ ೦.೨ರ ಎಲೆಯೇ ಸಲೀಸಾಗಿ ಹೋಯಿತು. ಹೆಡ್ಡು ಬಾಗಿತ್ತು.

ನಮ್ಮ ನೀರು, ನಮ್ಮ ಬಿಸಿಲು

ಹೆಡ್ಡು ಬಾಗುವುದು ಅತಿಯಾಗಿ ಕಾದಾಗ. ಈ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟಕ್ಕಿಂತ ಸುಮಾರು ೫೫೦ರಿಂದ ೬೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ನೀರು ೯೮ ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಹಿಡಿದಿಟ್ಟರೆ ಮಾತ್ರ ಕುದಿಯುವ ಬಿಂದು ಮೇಲೇರುತ್ತದೆ. ಸವೆದ ಮುಚ್ಚಳ ಈ ಕೆಲಸವನ್ನು ಮಾಡಲಾರದು. ಇದಕ್ಕಿಂತ ಮುಖ್ಯವಾದುದು ಬೋರ್‌ವೆಲ್ಲಿನ ಗಡಸು ನೀರು. ಅದು ಕಾದಾಗ ಸುಣ್ಣದ ಪೊರೆ ಗೋಡೆಗಳಿಗೆ ಕಟ್ಟಿಕೊಳ್ಳುತ್ತದೆ. ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. ಈ ಪೊರೆಯು ಉಷ್ಣವನ್ನು ಎರಕದ ಕಬ್ಬಿಣಕ್ಕಿಂತ ಇಪ್ಪತ್ತರಿಂದ ಐವತ್ತು ಪಟ್ಟು ಕಡಿಮೆ ಸಾಗಿಸುತ್ತದೆ. ಒಂದು ಮಿಲಿಮೀಟರಿನ ಪೊರೆ ಎಂದರೆ ಎರಡರಿಂದ ಐದು ಸೆಂಟಿಮೀಟರು ದಪ್ಪದ ಕಬ್ಬಿಣದ ಗೋಡೆಯನ್ನು ಕಟ್ಟಿದಂತೆ. ನಮ್ಮ ಸಹೋದ್ಯೋಗಿಗಳ ಕಾರು ವರ್ಷಗಟ್ಟಲೆ ಕುಡಿದುದು ಅಂಥ ನೀರನ್ನೇ. ಗ್ಯಾಸ್ಕೆಟ್ ಅಪರಾಧಿಯಾಗಿರಲಿಲ್ಲ, ಬೇರೊಂದರ ಅಪರಾಧಕ್ಕೆ ಬಲಿಯಾಗಿತ್ತು.

ಒಂದು ಎಚ್ಚರಿಕೆ

ಹಳೆಯ ಗ್ಯಾಸ್ಕೆಟ್ಟನ್ನು ತೆಗೆಯುವಾಗ ಗ್ಯಾರೇಜಿನ ಹುಡುಗನೊಬ್ಬ ಅದರ ಅಂಟಿದ ಚೂರುಗಳನ್ನು ಒಣಗಿದ ಹಾಗೆಯೇ ಕೆರೆದು, ಬಾಯಿಂದ ಊದಿ ಹಾರಿಸುತ್ತಿದ್ದುದನ್ನು ನೋಡಿ ನಾವು ಅವನ ಕೈಯನ್ನು ಹಿಡಿದೆವು. ಆ ಚೂರುಗಳಲ್ಲಿ ಕಲ್ನಾರು ಇರಬಹುದು. ಅದರ ನಾರುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಪುಪ್ಪುಸಕ್ಕೆ ಸೇರಿದರೆ ಅಲ್ಲಿಯೇ ಉಳಿದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ರೋಗವಾಗಿ, ಕ್ಯಾನ್ಸರಾಗಿಯೂ ತೋರಬಹುದು. ಇಂಗ್ಲೆಂಡ್ ೧೯೯೯ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಕಲ್ನಾರಿನ ಕೆಲಸಗಾರರ ಆರೋಗ್ಯವನ್ನು ಕಾಪಾಡಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ಆದೇಶವಿತ್ತಿತು. ಹಳೆಯ ಗ್ಯಾಸ್ಕೆಟ್ಟನ್ನು ನೀರಿನಿಂದ ನೆನೆಸಿ ಮೆಲ್ಲಗೆ ತೆಗೆಯಬೇಕು. ಒಣಗಿದುದನ್ನು ಉಜ್ಜಬಾರದು, ಗಾಳಿ ಬಿಡಬಾರದು. ಚೂರುಗಳನ್ನು ಚೀಲದಲ್ಲಿ ಕಟ್ಟಿ ಬಿಗಿಯಬೇಕು. ಅಂಗಡಿಯಲ್ಲಿ ಹಳೆಯ ದಾಸ್ತಾನಿನ ತಾಮ್ರದ ಗ್ಯಾಸ್ಕೆಟ್ ಅಗ್ಗವಾಗಿ ಸಿಕ್ಕರೂ, ಅದರೊಳಗೇನಿದೆಯೆಂದು ತಿಳಿಯದಿದ್ದರೆ ಕೊಳ್ಳದಿರುವುದೇ ಲೇಸು. ಕಾರು ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಆ ಹುಡುಗನ ಉಸಿರನ್ನು ಕೊಳ್ಳಲಾಗದು.

ಮುಂದೆ ಹುಬ್ಬಳ್ಳಿಯಲ್ಲಿ ಹೆಡ್ಡಿನ ಮೈಯನ್ನು ಕಾಲು ಮಿಲಿಮೀಟರಿನಷ್ಟು ಕೆತ್ತಿಸಿ, ರೇಡಿಯೇಟರನ್ನೂ ನೀರಿನ ದಾರಿಗಳನ್ನೂ ತೊಳೆಸಿ, ೧೪೮೯ರ ಯಂತ್ರಕ್ಕೆಂದೇ ಮಾಡಿದ ಕಲ್ನಾರಿಲ್ಲದ ಒಂದೇ ಒಂದು ಗ್ಯಾಸ್ಕೆಟ್ಟನ್ನು ಕೂರಿಸಿದುದಾಯಿತು. ಕೂರಿಸಿದವರು ಅದೇ ಮಿಸ್ತ್ರಿಯವರು. ಫೀಲರ್ ಗೇಜಿನ ಎಲೆಯನ್ನು ನಮಗಿಂತ ನಾಜೂಕಾಗಿ ಹಿಡಿದು ನೋಡಿದವರೂ ಅವರೇ. ಈಗ ಆ ಕಾರು ಸವಣೂರಿಗೂ ಹಿರೇಕೆರೂರಿಗೂ ಹೋಗಿಬರುತ್ತಿದೆ. ಇದು ಅದರ ಎರಡನೆಯ ಬೇಸಗೆ. ಮೊನ್ನೆ ಬೇರೆ ಯಾರೋ ಗ್ಯಾರೇಜಿಗೆ ಬಂದು ಎರಡು ಗ್ಯಾಸ್ಕೆಟ್ ಹಾಕಿಕೊಡಿರೆಂದು ಕೇಳಿದರಂತೆ. ಮಿಸ್ತ್ರಿಯವರು, "ಮೊದಲ ಅಳತಿ ನೋಡೂಣ್ರಿ" ಎಂದರಂತೆ.